ಬಿಳಿ ಬಟ್ಟೆಗೆ ಹತ್ತದ ಬಣ್ಣ

ನಮ್ಮ ಮಾವನವರಿಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಸುಳ್ಳು. ತುದಿಯಲ್ಲಿದ್ದಿದ್ದರೆ ಯಾವಾಗಲಾದರೂ ಜಾರಿ ಬೀಳುತ್ತಿತ್ತು. ಅವರ ಕೋಪ ಉಗುರಿನ ಸಂದಿಯಲ್ಲಿ ಕೂತ ಬಣ್ಣದ ಹಾಗೆ, ಎಷ್ಟು ತಿಕ್ಕಿ ತೊಳೆದರೂ ಹೋಗುವಂಥದ್ದಲ್ಲ. ಅವರ ಬಗ್ಗೆ ಬರೆಯಲು ಕೂತರೆ ನನಗೂ ಕೋಪವೇ ಬರುತ್ತದೆ. ಅದನ್ನು ನುಂಗಿಕೊಂಡು ಸೌಮ್ಯವಾಗಿ ಬರೆಯುವ ಸೊಸೆ ಬೇಕಿದ್ದರೆ ಬೇರೆ ಮನೆಯಲ್ಲಿ ಹುಡುಕಿಕೊಳ್ಳಿ.

ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಚರ್ಮದ ಚೀಲ, ಬೆಲ್ಟು, ಪಟ್ಟಿ, ಪರ್ಸು ಮಾಡುತ್ತೇವೆ. ಬೀದಿಯ ಕಡೆಗಿರುವ ಕಿಟಕಿಯ ಕೆಳಗೆ ನನ್ನ ಹೊಲಿಗೆ ಮಷೀನು. ನಡುವೆ ನನ್ನ ಗಂಡ ಚರ್ಮ ಕತ್ತರಿಸುವ ಹಲಗೆ. ಅವರು ಚರ್ಮವನ್ನು ಚೆನ್ನಾಗಿ ಕತ್ತರಿಸುತ್ತಾರೆ, ಯಾರ ಮಾತನ್ನೂ ಕತ್ತರಿಸಲು ಬಾರದು. ಅಪ್ಪ ಬೈಯಲು ಶುರುಮಾಡಿದರೆ ಚಾಕು ಮಸೆಯುತ್ತ ಕೂರುತ್ತಾರೆ. ಅದಕ್ಕೇ ನಮ್ಮ ಅಂಗಡಿಯ ಚಾಕುಗಳಷ್ಟು ಹರಿತವಾದ ಚಾಕು ಬೀದಿಯಲ್ಲೇ ಇಲ್ಲ. ಹಿಂದೆ, ನಲ್ಲಿಯ ಪಕ್ಕ, ಮಾವನವರ ಬಣ್ಣದ ಮೇಜು. ಅದರಾಚೆಗೆ ಒಂದು ಬಾಗಿಲು, ಬಾಗಿಲಾಚೆ ಅತ್ತೆಯ ಅಡುಗೆಮನೆ.

ಬಣ್ಣದ ವಿಷಯದಲ್ಲಿ ಮಾವನವರ ಹತ್ತಿರ ಸಲಹೆ ಕೇಳಲು ದೂರದೂರದಿಂದ ಜನ ಬರುತ್ತಿದ್ದರು. ಸಲಹೆ ಪುಕ್ಕಟೆ, ಬೈಗುಳವೂ ಪುಕ್ಕಟೆ. ಒಂದು ಸಲ ಒಬ್ಬಾತ ತನ್ನ ಹೆಂಡತಿಯ ಕೈಚೀಲ ಹಿಡಿದು ಬಂದ. ಚೀಲದ ತುಂಬ ಗಜಕರ್ಣದ ಹಾಗೆ ಕಲೆ ಕಲೆ. ಪಾಪ, ಹೆಂಡತಿಗೆ ಗೊತ್ತಾಗುವ ಮೊದಲೇ ಸರಿ ಮಾಡಿಕೊಡಿ ಎಂದು ಬೇಡಿಕೊಂಡ. ಮಾವ ಚೀಲವನ್ನು ಮೂಸಿ ನೋಡಿದರು.

"ಎಣ್ಣೆ ಹಚ್ಚಿ ಆಮೇಲೆ ಬಣ್ಣ ಹಚ್ಚಿದೀಯಾ?"

"ಚರ್ಮ ಮೆತ್ತಗಾಗಲಿ ಅಂತ..."

"ಮೆತ್ತಗಾಗಬೇಕಿರೋದು ನಿನ್ನ ತಲೆ. ಎಣ್ಣೆ ಕುಡಿದ ಚರ್ಮ ಬಣ್ಣ ಹೇಗಯ್ಯ ಕುಡಿಯುತ್ತೆ? ಮೊದಲು ಒದ್ದೆ ಬಟ್ಟೇಲಿ ಒರೆಸಬೇಕು. ಆಮೇಲೆ ತೆಳ್ಳಗೆ ಬಣ್ಣ. ಒಣಗಬೇಕು. ಮತ್ತೆ ತೆಳ್ಳಗೆ. ಒಂದೇ ಸಲ ಸುರಿದರೆ ಅದು ಬಣ್ಣ ಅಲ್ಲ, ಕೊಚ್ಚೆ. ಒಂದು ರಾತ್ರಿ ಮುಟ್ಟದೇ ಬಿಡು. ಬೆಳಿಗ್ಗೆ ಬಿಳಿ ಬಟ್ಟೆ ತಗೊಂಡು ಉಜ್ಜು. ಬಟ್ಟೆಗೆ ಬಣ್ಣ ಹತ್ತೋದು ನಿಲ್ಲೋವರೆಗೂ ಉಜ್ಜು. ಎಣ್ಣೆ ಆಮೇಲೆ. ಮೇಣ ಅದರ ಮೇಲೆ. ಇಷ್ಟು ತಾಳ್ಮೆ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ತಗೊಂಡು ಓಡಾಡು, ಹೋಗು."

ಇಷ್ಟು ಬೈದ ಮೇಲೆ ಚೀಲವನ್ನು ಕಿತ್ತುಕೊಂಡು ತಾವೇ ಸರಿ ಮಾಡಿಕೊಟ್ಟರು. ಅವರ ಹೆಗಲ ಮೇಲೆ ಸದಾ ಒಂದು ಬಿಳಿ ಬಟ್ಟೆ ಇರುತ್ತಿತ್ತು. ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ವಸ್ತುವನ್ನೂ ಅದರಿಂದ ಉಜ್ಜಿ, ಬೆಳಕಿಗೆ ಹಿಡಿದು, ಬಟ್ಟೆ ಬಿಳಿಯಾಗೇ ಉಳಿದಿದ್ದರೆ ಮಾತ್ರ ಬಿಡುತ್ತಿದ್ದರು. "ಕೊಂಡವನ ಅಂಗಿಗೆ ನನ್ನ ಬಣ್ಣ ಹತ್ತಿದ ದಿನ ಅಂಗಡಿ ಬಾಗಿಲು ಹಾಕ್ತೀನಿ" ಎನ್ನುತ್ತಿದ್ದರು.

ನಾನು ಈ ಮನೆಗೆ ಮೊದಲು ಬಂದದ್ದು ಸೊಸೆಯಾಗಿ ಅಲ್ಲ, ಮಷೀನಿನ ಕೆಲಸಕ್ಕೆ. ಅದಕ್ಕೂ ಮುಂಚೆ ಅಂಗಿ ಹೊಲಿಯುತ್ತಿದ್ದೆ. ಬಟ್ಟೆಯಲ್ಲಿ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಚರ್ಮಕ್ಕೆ ಬಿದ್ದ ತೂತು ಸಾಯುವವರೆಗೂ ತೂತೇ. ಇದನ್ನು ಮಾವ ನನಗೆ ಕಲಿಸಿದ ಬಗೆಯನ್ನು ಬರೆದರೆ ಓದುವವರ ಕಿವಿ ಕೆಂಪಾಗುತ್ತದೆ. ಆಗ ಇದ್ದ ಮಷೀನಿನ ಮೋಟಾರು ಹಳೆಯ ಥರದ್ದು. ಪೆಡಲಿನ ಮೇಲೆ ಕಾಲು ಸೋಕಿದರೆ ಸಾಕು, ಹುಚ್ಚು ನಾಯಿ ಬೆನ್ನು ಹತ್ತಿದ ಹಾಗೆ ಓಡುತ್ತಿತ್ತು. ಒಂದು ದಿನ ದಪ್ಪ ಪಟ್ಟಿ ಹೊಲಿಯುವಾಗ ಸೂಜಿ ನನ್ನ ತೋರುಬೆರಳಿನ ಉಗುರನ್ನೇ ತೂರಿ ಕೆಳಗಿಳಿಯಿತು.

ಮಾವ ಒಂದೇ ನೆಗೆತಕ್ಕೆ ಬಂದು ಸ್ವಿಚ್ ಆರಿಸಿದರು. ಚಕ್ರವನ್ನು ಕೈಯಿಂದ ತಿರುಗಿಸಿ ಸೂಜಿ ಮೇಲೆತ್ತಿದರು. ಅಲ್ಲಿಂದ ದವಾಖಾನೆಯವರೆಗೆ ಬೈಗುಳ ನಿಲ್ಲಲಿಲ್ಲ. ನನಗೆ ಬೈದರು, ಗಾಡಿಯವನಿಗೆ ಬೈದರು, ಟಿಂಚರ್ ಹಚ್ಚಿದ ನರ್ಸಿಗೆ "ಅದೇನು ಗೋಡೆಗೆ ಸುಣ್ಣ ಬಳೀತಿದೀಯಾ" ಎಂದು ಬೈದರು. ಬೆರಳು ವಾಸಿಯಾಗಿ ನಾನು ಕೆಲಸಕ್ಕೆ ಮರಳಿದಾಗ ಆ ಹಳೆಯ ಮೋಟಾರು ಮೂಲೆಯಲ್ಲಿ ಬಿದ್ದಿತ್ತು. ಮಷೀನಿಗೆ ಹೊಸ ಮೋಟಾರು ಬಂದಿತ್ತು, ವೇಗ ತಗ್ಗಿಸುವ ತಿರುಪು ಇರುವಂಥದ್ದು. ಪೆಡಲ್ ಒತ್ತಿದರೆ ಸೂಜಿ ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತಿತ್ತು.

"ಇನ್ಮೇಲೆ ಆಮೆ ಥರ ಹೊಲಿ. ನಿನ್ನ ಬೆರಳು ಹೋದರೆ ನನ್ನ ಚೀಲ ಯಾರು ಹೊಲೀತಾರೆ, ನಿಮ್ಮಪ್ಪ ಬರ್ತಾನಾ?"

ಅಂದಿನಿಂದ ಅವರ ಬೈಗುಳವನ್ನು ಸೋಸಿಕೊಳ್ಳುವುದನ್ನು ಕಲಿತೆ. ಯಾರ ಮೇಲೆ ಅವರಿಗೆ ಕಾಳಜಿಯಿಲ್ಲವೋ ಅವರಿಗೆ ಅವರು ಬೈಯುತ್ತಿರಲಿಲ್ಲ. ಮುಂದೆ ಅವರ ಮಗನನ್ನೇ ಮದುವೆಯಾದೆ. ಒಪ್ಪಿಗೆ ಕೊಡುವಾಗಲೂ ಮಾವ ನನ್ನನ್ನು ಬೈದರು, ಇಂಥ ಪೆದ್ದನನ್ನು ಯಾಕೆ ಆರಿಸಿಕೊಂಡೆ ಎಂದು.

ಎದುರಂಗಡಿಯವನೊಬ್ಬನಿದ್ದಾನೆ, ಅವನ ಸಂಗತಿ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಅವನದೂ ಚರ್ಮದ ಕೆಲಸವೇ. ಆದರೆ ಅವನಿಗೆ ಹೊಳಪಿನ ಹುಚ್ಚು. ಬೆಲ್ಟೋ ಚೀಲವೋ, ಎಲ್ಲದರ ಮೇಲೂ ದಪ್ಪಗೆ ವಾರ್ನಿಷ್ ಬಳಿದು ಮುಖ ಕಾಣುವಂತೆ ಮಾಡುತ್ತಾನೆ. ಮಾವ ಅವನಿಗೆ ಮಿಂಚುಳ್ಳಿ ಎಂದು ಹೆಸರಿಟ್ಟರು. ಹೆಗಲ ಮೇಲಿನ ಬಟ್ಟೆ ನೋಡಿ ಅವನು ಮಾವನಿಗೆ ಮಸಿಬಟ್ಟೆ ಎಂದು ಹೆಸರಿಟ್ಟ. ಬೆಳಿಗ್ಗೆ ಶಟರ್ ಎತ್ತುತ್ತಿದ್ದ ಹಾಗೇ ಇಬ್ಬರದೂ ಶುರು.

"ಲೇ ಮಿಂಚುಳ್ಳಿ, ನಿನ್ನ ಬೆಲ್ಟು ಮಡಚಿದರೆ ಹಪ್ಪಳ ಮುರಿದ ಹಾಗೆ ಬಿರುಕು ಬಿಡುತ್ತಂತಲ್ಲೋ!"

"ನಿನ್ನ ಚೀಲ ನೋಡಿದರೆ ಸತ್ತ ಮನೆಗೆ ತಗೊಂಡು ಹೋಗಬೇಕು ಅನ್ಸುತ್ತೆ ಕಣೋ ಮಸಿಬಟ್ಟೆ!"

ನಾನು ಬಂದಾಗಿನಿಂದ ಒಂದು ದಿನವೂ ಇದು ತಪ್ಪಿದ್ದಿಲ್ಲ. ಇಬ್ಬರಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಇನ್ನೊಬ್ಬರು ಇಡೀ ದಿನ ಬಾಗಿಲಿಗೆ ಬಂದು ಬಂದು ನೋಡಿ ಹೋಗುತ್ತಿದ್ದರು.

ಮಾವನ ಕಣ್ಣಿನಲ್ಲಿ ಏನೋ ಆಗುತ್ತಿದೆ ಎಂದು ನನಗೆ ಗೊತ್ತಾದದ್ದು ಆ ಬಿಳಿ ಬಟ್ಟೆಯಿಂದಲೇ. ಒಂದು ನೀಲಿ ಪರ್ಸನ್ನು ಉಜ್ಜಿ, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಶುದ್ಧವಾಗಿದೆ, ಕಳಿಸು" ಎಂದರು. ಬಟ್ಟೆಯ ತುಂಬ ತೆಳು ನೀಲಿ ಹರಡಿಕೊಂಡಿತ್ತು. ಆಮೇಲೆ ಗಮನಿಸುತ್ತ ಹೋದೆ. ಬಾಟಲಿಗಳನ್ನು ಮೂಗಿನ ಹತ್ತಿರ ತಂದು ನೋಡುತ್ತಿದ್ದರು. ಬಲ್ಬು ಸರಿಯಿಲ್ಲ ಎಂದು ಬಲ್ಬು ಬದಲಿಸಿದರು. ಹೊಸ ಬಲ್ಬೂ ಕೆಟ್ಟದ್ದು ಎಂದು ಅಂಗಡಿಯವನ ಜೊತೆ ಜಗಳವಾಡಿ ಬಂದರು. ಬಣ್ಣ ಮಾಡುವ ಕಂಪನಿಯವರು ಕಲಬೆರಕೆ ಶುರುಮಾಡಿದ್ದಾರೆ ಎಂದರು. ಎಡಗಣ್ಣಿನ ಪಾಪೆಯಲ್ಲಿ ಬೂದಿ ಮುಸುಕಿದಂತಿತ್ತು.

ಕನ್ನಡಕ ಬಿಗಿಮಾಡಿಸೋಣ ಬನ್ನಿ ಎಂದು ಸುಳ್ಳು ಹೇಳಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ದೀಪ ಬಿಟ್ಟು ನೋಡಿ ಸುತ್ತಿ ಬಳಸದೆ ಹೇಳಿದರು.

"ಎರಡು ಕಣ್ಣಲ್ಲೂ ಪೊರೆ ಬಂದಿದೆ. ಎಡಗಣ್ಣಿಂದು ಬಲೀತಾ ಇದೆ. ಈಗ ತೆಗೆದರೆ ದೃಷ್ಟಿ ವಾಪಸ್ ಬರುತ್ತೆ. ಹೀಗೇ ಬಿಟ್ಟರೆ ಒಳಗೆ ಒತ್ತಡ ಏರಿ ನರ ಹಾಳಾಗುತ್ತೆ. ಆಮೇಲೆ ನಾನಲ್ಲ, ಯಾರೂ ಏನೂ ಮಾಡೋಕಾಗಲ್ಲ."

ಮಾವ ಎದ್ದು ನಿಂತರು. "ನನ್ನ ಕೆಲಸವೇ ಬಣ್ಣದ್ದು ಡಾಕ್ಟ್ರೇ. ಕಣ್ಣು ಕೆಟ್ಟಿದ್ದರೆ ಕೆಲಸ ಕೆಡಬೇಕಾಗಿತ್ತಲ್ಲ? ನನ್ನ ಅಂಗಡಿಯಿಂದ ಬಣ್ಣ ತಪ್ಪಿ ಆಚೆ ಹೋದ ಒಂದೇ ಒಂದು ಚೀಲ ತಂದು ತೋರಿಸಿ. ಆವತ್ತೇ ಬಂದು ನಿಮ್ಮ ಮುಂದೆ ಮಲಗ್ತೀನಿ."

ದಾರಿಯುದ್ದಕ್ಕೂ ನನಗೆ ಉಗಿದು ಉಪ್ಪಿನಕಾಯಿ ಹಾಕಿದರು. ಆದರೆ ಅವರು ಹೇಳಿದ್ದು ನಿಜ. ಒಂದು ಚೀಲವೂ ವಾಪಸ್ ಬಂದಿರಲಿಲ್ಲ. ಬಿಳಿ ಬಟ್ಟೆಯ ಮೇಲಿನ ನೀಲಿ ಕಾಣದವರು ಕಂದು ಬಣ್ಣವನ್ನು ಅಷ್ಟು ಸರಿಯಾಗಿ ಹೇಗೆ ಬೆರೆಸುತ್ತಾರೆ? ಕಂದಿನಲ್ಲಿ ಕೆಂಪು ಹೆಚ್ಚಾದರೆ ಅದನ್ನು ತಗ್ಗಿಸಲು ಒಂದು ಹನಿ ನೀಲಿ ಬಿಡುತ್ತಾರೆ. ನೀಲಿಯೇ ಕಾಣದವರಿಗೆ ಯಾವ ಹನಿಗೆ ನಿಲ್ಲಿಸಬೇಕೆಂದು ಹೇಗೆ ತಿಳಿಯುತ್ತದೆ? ನನ್ನ ತಲೆ ಚಿಟ್ಟು ಹಿಡಿಯಿತು. ಇತ್ತ ಅವರ ಎಡಗಣ್ಣು ದಿನದಿನಕ್ಕೆ ಮಸುಕಾಗುತ್ತಿತ್ತು. ತಿಂಗಳುಗಳು ಸುಮ್ಮನೆ ಉರುಳಿದವು.

ಗುಟ್ಟು ಬಿಟ್ಟುಕೊಟ್ಟಿದ್ದು ನನ್ನ ಮಷೀನಿನ ದಾರ. ಕೆನೆ ಬಣ್ಣದ ದಾರ ಹಾಕಿ ಒಂದು ಚೀಲದ ಅಂಚು ಹೊಲಿಯುತ್ತಿದ್ದೆ. ಸೂಜಿ ಕಿರ್ ಕಿರ್ ಎನ್ನತೊಡಗಿತು. ನೋಡಿದರೆ ದಾರವೆಲ್ಲ ಕಂದು ಬಣ್ಣ ಹೀರಿಕೊಂಡು ಕೊಳಕಾಗಿತ್ತು. ಮಾವ ಬಂದವರೇ ಕೂಗಾಡಿದರು.

"ಒಣಗದ ಚರ್ಮಕ್ಕೆ ಸೂಜಿ ಹಾಕಿದೀಯಲ್ಲ! ಇಷ್ಟು ವರ್ಷ ಕಲಿತಿದ್ದು ಇದೇನಾ?"

"ಒಣಗಿದೆ ಅಂತ ನೀವೇ ಕೊಟ್ಟಿದ್ದು ಮಾವ."

"ನಾನು ಕೊಟ್ಟಾಗ ಒಣಗಿತ್ತು!"

ನನ್ನ ಮೈ ಉರಿದುಹೋಯಿತು. ಆದರೆ ಕೋಪದ ನಡುವೆಯೂ ಒಂದು ಯೋಚನೆ ಬಂತು. ಒಣಗದ ಚರ್ಮವನ್ನು ಕೊಡುವ ಮನುಷ್ಯ ಅವರಲ್ಲ. ಚರ್ಮವನ್ನು ಮೂಸಿ ನೋಡಿದೆ. ಸ್ಪಿರಿಟ್ಟಿನ ವಾಸನೆ ಹಸಿಹಸಿಯಾಗಿತ್ತು. ಅವರು ಹಚ್ಚಿದ ಮೇಲೆ ಬೇರೆ ಯಾರೋ ಇದರ ಮೇಲೆ ಕೈಯಾಡಿಸಿದ್ದರು.

ಮಾರನೆಯ ದಿನ ಮಧ್ಯಾಹ್ನ, ಮಾವ ಊಟ ಮುಗಿಸಿ ಒಳಗೆ ಮಲಗಿದ ಮೇಲೆ, ನಾನೂ ಗಂಡನ ಹಿಂದೆ ಊಟಕ್ಕೆ ಹೋದ ಹಾಗೆ ನಟಿಸಿ ಬಾಗಿಲ ಮರೆಯಲ್ಲಿ ನಿಂತೆ. ಅತ್ತೆ ಅಡುಗೆಮನೆಯಿಂದ ಬಂದರು. ತೋಳು ಮಡಚಿಕೊಂಡು ಬಣ್ಣದ ಮೇಜಿನ ಮುಂದೆ ನಿಂತರು. ಮಾವ ಬೆಳಿಗ್ಗೆ ಬಣ್ಣ ಹಚ್ಚಿಟ್ಟಿದ್ದ ಚರ್ಮ ಕಂದು ಆಗಿರಲಿಲ್ಲ, ನಿಂತ ನೀರಿನ ಪಾಚಿಯ ಹಾಗಿತ್ತು. ಅತ್ತೆ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಆ ಪಾಚಿಯನ್ನು ಒರೆಸಿ ತೆಗೆದರು. ಬೇರೆ ಬಾಟಲಿಯಿಂದ ಸರಿಯಾದ ಕಂದನ್ನು ಬಗ್ಗಿಸಿ, ಗಡಿಬಿಡಿಯಲ್ಲಿ ಹಚ್ಚತೊಡಗಿದರು. ಒಳಗಿನಿಂದ ಗೊರಕೆ ನಿಂತಾಗಲೆಲ್ಲ ಅವರ ಕೈಯೂ ನಿಲ್ಲುತ್ತಿತ್ತು.

"ಅತ್ತೆ!"

ಬೆಚ್ಚಿಬಿದ್ದು ಬಟ್ಟೆ ಕೆಳಗೆ ಹಾಕಿದರು. "ಮೆತ್ತಗೆ ಕಣಮ್ಮ. ಎದ್ದುಬಿಡ್ತಾರೆ."

"ಏಳಲಿ! ಯಾವಾಗಿಂದ ಮಾಡ್ತಿದೀರ ಇದನ್ನ?"

"ಶುರುವಾದಾಗಿಂದ. ನಾನು ಅವರ ಪಕ್ಕ ನಿಂತು ಚರ್ಮ ಒದ್ದೆ ಮಾಡಿಕೊಟ್ಟವಳು, ಬಟ್ಟೆ ಒಗೆದು ಕೊಟ್ಟವಳು. ನಂಗೂ ಒಂಚೂರು ಗೊತ್ತು. ತಲೆ ಎತ್ಕೊಂಡು ಬದುಕಿದ ಮನುಷ್ಯ ಕಣಮ್ಮ. ಈ ವಯಸ್ಸಲ್ಲಿ ಬೀದಿಯವರ ಮುಂದೆ ನಗೆಪಾಟಲಾಗೋದು ಬೇಡ."

"ನಿಮ್ಮಿಂದಾನೇ ಅವರು ಆಸ್ಪತ್ರೆಗೆ ಹೋಗ್ತಿಲ್ಲ! ಯಾವ ಬಣ್ಣ ತಪ್ಪಿದೆ ತೋರಿಸಿ ಅಂತಾರಲ್ಲ, ಹೇಗೆ ತಪ್ಪುತ್ತೆ, ಹಿಂದೆ ನೀವು ನಿಂತು ತಿದ್ದುತಿದ್ದರೆ? ಕಣ್ಣಿಗೆ ಮಣ್ಣೆರಚಿ ಕಣ್ಣು ಕಾಪಾಡ್ತೀರಾ?"

ಅತ್ತೆ ಅತ್ತರು. ನನಗೆ ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಪ್ರೀತಿಯೆಂದರೆ ಇದೇ ಎಂದು ಯಾರಾದರೂ ಆ ಹೊತ್ತಿನಲ್ಲಿ ಹೇಳಿದ್ದರೆ ಅವರ ಕೆನ್ನೆಗೆ ಬಾರಿಸುತ್ತಿದ್ದೆ.

ಸಂಜೆ ಮಾವನಿಗೆ ನೇರವಾಗಿ ಹೇಳಿದೆ. ಅವರು ಬಣ್ಣದ ಮೇಜಿಗೆ ಎರಡೂ ಕೈ ಊರಿ ಕೇಳಿಸಿಕೊಂಡರು. ಆಮೇಲೆ ಅಡುಗೆಮನೆಯ ಕಡೆ ತಿರುಗಿದರು.

"ಏನೇ, ನನ್ನ ಬಣ್ಣ ಮುಟ್ಟಿದೀಯಾ ನೀನು?"

ಬಾಗಿಲಲ್ಲಿ ನಿಂತಿದ್ದ ಅತ್ತೆ ನೆಲ ನೋಡಿದರು. "ನಾನ್ಯಾಕೆ ಮುಟ್ಟಲಿ?"

ಮಾವ ನನ್ನ ಕಡೆ ತಿರುಗಿದರು. "ನಿನ್ನ ಕಣ್ಣು ಈ ಮೇಜಿನ ಮೇಲೆ ಬಿದ್ದಿದೆ. ಮುದುಕನ್ನ ಕುರುಡ ಅಂತ ಮಾಡಿ ಮೂಲೇಲಿ ಕೂರಿಸಿದರೆ ಮಷೀನೂ ನಿಂದೇ, ಬಣ್ಣಾನೂ ನಿಂದೇ. ಅಲ್ವಾ?"

ನನ್ನ ಗಂಡ ಚಾಕು ಮಸೆಯುತ್ತಿದ್ದರು. ಆ ಸದ್ದು ಕೇಳಿ ನನಗೆ ಆ ಚಾಕನ್ನೇ ಕಿತ್ತು ಬೀದಿಗೆ ಎಸೆಯಬೇಕೆನ್ನಿಸಿತು. ಇಷ್ಟು ವರ್ಷದಲ್ಲಿ ಮಾವನ ಬೈಗುಳವೊಂದು ನಿಜವಾಗಿ ಚುಚ್ಚಿದ್ದು ಅಂದೇ ಮೊದಲು. ಮನಸ್ಸಿನಲ್ಲಿ ಒಂದು ನಿಶ್ಚಯವಾಯಿತು. ತಪ್ಪಿದ ಚೀಲ ಒಂದನ್ನು ತೋರಿಸಿ ಎಂದಿದ್ದರಲ್ಲ, ತೋರಿಸುತ್ತೇನೆ.

ಅತ್ತೆ ತಿದ್ದಿಟ್ಟಿದ್ದ ಒಂದು ಚೀಲದ ಮುಚ್ಚಳ ನನ್ನ ಹತ್ತಿರವಿತ್ತು. ಅದೇ ಚೀಲದ ಒಡಲಿಗೆ ಮಾವ ಬಣ್ಣ ಹಚ್ಚಿದ ದಿನ, ಅವರು ಊಟಕ್ಕೆ ಒಳಗೆ ಹೋದ ಮೇಲೆ, ನಾನು ಅಡುಗೆಮನೆಯ ನಡುಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಹತ್ತಿರ ಇಟ್ಟುಕೊಂಡೆ. ಮಧ್ಯಾಹ್ನ ಅತ್ತೆ ಆ ಕಡೆಯಿಂದ ಮೆಲ್ಲಗೆ ಬಾಗಿಲು ತಟ್ಟಿದರು. "ಬೇಡ ಕಣಮ್ಮ, ತೆಗಿ" ಎಂದರು. ಬೇಡಿಕೊಂಡರು. ನಾನು ಮಷೀನು ಶುರುಮಾಡಿ, ಬರಿಯ ತುಂಡು ಚರ್ಮದ ಮೇಲೆ ಸುಮ್ಮಸುಮ್ಮನೆ ಹೊಲಿಗೆ ಹಾಕುತ್ತ ಕೂತೆ, ಆ ದನಿ ಕೇಳಬಾರದೆಂದು.

ಚರ್ಮ ಪೂರ್ತಿ ಒಣಗಿದ ಮೇಲೆ ಮುಚ್ಚಳವನ್ನೂ ಒಡಲನ್ನೂ ಸೇರಿಸಿ ಹೊಲಿದೆ. ಮುಚ್ಚಳ ಚೆಂದದ ಕಂದು. ಒಡಲು ಪಾಚಿ ಹಸಿರು. ಬೇರೆ ಬೇರೆ ಮನೆಯ ಚೀಲಗಳನ್ನು ಹರಿದು ಕೂಡಿಸಿದ ಹಾಗಿತ್ತು. ಮಾವನ ಕೈಗೆ ಕೊಟ್ಟೆ. ಅವರು ಕಿಟಕಿಗೆ ಹಿಡಿದರು, ತಿರುಗಿಸಿ ನೋಡಿದರು, ಹೊಲಿಗೆಯ ಮೇಲೆ ಉಗುರು ಎಳೆದರು, ಬಿಳಿ ಬಟ್ಟೆಯಿಂದ ಉಜ್ಜಿದರು.

"ಹದವಾಗಿದೆ" ಎಂದರು. ಅಪರೂಪಕ್ಕೆ ದನಿ ಮೆತ್ತಗಾಗಿತ್ತು. "ಮುಚ್ಚಳ ಯಾವುದು, ಒಡಲು ಯಾವುದು ಗೊತ್ತಾಗದ ಹಾಗೆ ಕೂಡಿದೆ ನೋಡು. ಇದನ್ನ ಮುಂದೆ ನೇತುಹಾಕು."

ನನ್ನ ಗಂಡ ಮುಖ ಆಚೆ ತಿರುಗಿಸಿಕೊಂಡರು. ನನಗೆ ಕಣ್ಣಲ್ಲಿ ನೀರು ಬಂತು, ಅದೂ ಕೋಪದ ನೀರೇ. ಇದನ್ನು ನಾನು ತಪ್ಪು ಎಂದರೆ ಅವರು ನಂಬುವುದಿಲ್ಲ. ಮಗ ಬಾಯಿ ಬಿಡುವುದಿಲ್ಲ. ಹೆಂಡತಿ ನಿಜ ಹೇಳುವುದಿಲ್ಲ. ಅವರ ಮುಖಕ್ಕೆ ಹೊಡೆದ ಹಾಗೆ ಹೇಳುವವನು ಬೀದಿಯಲ್ಲಿ ಒಬ್ಬನೇ ಇದ್ದ. ಚೀಲವನ್ನು ಅವನಿಗೆ ನೇರವಾಗಿ ಕಾಣುವ ಮೊಳೆಗೆ ನೇತುಹಾಕಿದೆ.

ಬೆಳಿಗ್ಗೆ ಮಿಂಚುಳ್ಳಿ ಶಟರ್ ಎತ್ತಿದ. ತಿರುಗಿದ. ಚೀಲ ಕಂಡಿತು. ಅವನ ಮುಖ ಅರಳಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಜೀವಮಾನವಿಡೀ ಕಾದಿದ್ದು ಕೈಗೆ ಸಿಕ್ಕಿತೆಂಬಂತೆ ಕೈ ಉಜ್ಜಿಕೊಳ್ಳುತ್ತ ಬೀದಿ ದಾಟಿ ಬಂದ.

"ಲೇ ಮಸಿಬಟ್ಟೆ..."

"ಏನೋ ಮಿಂಚುಳ್ಳಿ, ಕಣ್ಣು ಕುಕ್ಕಿತಾ? ನೋಡು, ನೋಡಿ ಕಲಿ. ಇದಕ್ಕೆ ಬಣ್ಣ ಅಂತಾರೆ." ಮಾವ ಚೀಲವನ್ನು ಮೊಳೆಯಿಂದ ತೆಗೆದು ಅವನ ಮೂಗಿಗೆ ಹಿಡಿದರು.

ಮಿಂಚುಳ್ಳಿ ಚೀಲ ನೋಡಿದ. ಆಮೇಲೆ ಚೀಲ ಹಿಡಿದ ಮನುಷ್ಯನ ಮುಖ ನೋಡಿದ. ಬೆಳಗಿನ ಬಿಸಿಲು ನೇರವಾಗಿ ಆ ಎಡಗಣ್ಣಿನ ಮೇಲೆ ಬಿದ್ದಿತ್ತು. ತೆರೆದಿದ್ದ ಅವನ ಬಾಯಿ ಹಾಗೇ ಮುಚ್ಚಿಕೊಂಡಿತು. ನಾನು ಒಳಗೊಳಗೇ ಹೇಳುತ್ತಿದ್ದೆ, ಬೈಯೋ, ನಗೋ, ಬೀದಿಯವರನ್ನೆಲ್ಲ ಕರೆದು ತೋರಿಸೋ. ಅವನು ಅಂಗಿಯ ಗುಂಡಿಯನ್ನು ಮುಟ್ಟಿ ನೋಡಿಕೊಂಡ.

"ಚೆನ್ನಾಗಿದೆ ಅಣ್ಣ" ಎಂದ. "ತುಂಬಾ ಚೆನ್ನಾಗಿ ಬಂದಿದೆ. ನೀವು ಬಿಸಿಲಲ್ಲಿ ನಿಲ್ಲಬೇಡಿ, ಒಳಗೆ ಕೂತ್ಕೊಳ್ಳಿ."

ಅಣ್ಣ ಎಂದು ಅವನು ಅವರನ್ನು ಎಂದೂ ಕರೆದಿರಲಿಲ್ಲ. ನೀವು ಎಂದೂ ಅಂದಿರಲಿಲ್ಲ. ಮಾವನ ಕೈಯಲ್ಲಿದ್ದ ಚೀಲ ಮೆಲ್ಲಗೆ ಕೆಳಗಿಳಿಯಿತು.

"ಏನಂದೆ?"

"ಚೆನ್ನಾಗಿದೆ ಅಂದೆ ಅಣ್ಣ."

"ಬೈಯೋ!" ಮಾವ ಕಿರುಚಿದರು. "ಯಾಕೋ ಬೈತಿಲ್ಲ? ಬೈಯೋ ಮಿಂಚುಳ್ಳಿ! ಯಾರಿಗೋ ಅಣ್ಣ ನಾನು? ಬೈಯೋಕೂ ಬೇಡವಾದೆನೇನೋ ನಿಂಗೆ?" ಅವನ ಅಂಗಿ ಹಿಡಿದು ಜಗ್ಗಿದರು. ಅವನು ಬಿಡಿಸಿಕೊಳ್ಳಲಿಲ್ಲ. ಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತರು. ಕೊನೆಗೆ ಮಾವ ಅಂಗಿ ಬಿಟ್ಟು, ಬೇರೆಯೇ ದನಿಯಲ್ಲಿ ಕೇಳಿದರು. "ಏನು ಬಣ್ಣ ಇದೆಯೋ ಅದರ ಮೇಲೆ?"

ಮಿಂಚುಳ್ಳಿ ನೆಲ ನೋಡುತ್ತ ಹೇಳಿದ. "ಮುಚ್ಚಳ ಕಂದು. ಕೆಳಗೆ ಹಸಿರು. ಪಾಚಿ ಥರ."

ಮಾವ ಒಳಗೆ ತಿರುಗಿ ನೋಡಿದರು. ಅತ್ತೆ ನಡುಬಾಗಿಲಲ್ಲಿ ನಿಂತಿದ್ದರು. ಆ ದೂರಕ್ಕೆ ಮಾವನಿಗೆ ಅತ್ತೆಯ ಮುಖ ಕಂಡಿರಲಾರದು, ಆದರೂ ಬಹಳ ಹೊತ್ತು ಆ ಕಡೆಗೇ ನೋಡಿದರು. ಆಮೇಲೆ ಹೆಗಲ ಮೇಲಿನ ಬಟ್ಟೆ ತೆಗೆದು ನನ್ನ ಮಷೀನಿನ ಮೇಲಿಟ್ಟರು.

"ನಡಿ, ಆ ಡಾಕ್ಟರ ಹತ್ತಿರ. ಮಲಗ್ತೀನಿ ಅಂತ ಮಾತು ಕೊಟ್ಟಿದ್ದೆ."

ಪೊರೆ ತೆಗೆದ ಮೇಲೆ ಬಲಗಣ್ಣು ಬಂತು. ಎಡಗಣ್ಣು ಬರಲಿಲ್ಲ. ಒಳಗಿನ ನರ ಆಗಲೇ ಸತ್ತಿದೆ, ಸ್ವಲ್ಪ ಮುಂಚೆ ತಂದಿದ್ದರೆ, ಎಂದು ಡಾಕ್ಟರು ಅಷ್ಟಕ್ಕೇ ನಿಲ್ಲಿಸಿದರು. ಆ ಸ್ವಲ್ಪ ಎಲ್ಲಿ ಹೋಯಿತೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅತ್ತೆ ಗೋಡೆಗೆ ಒರಗಿ ನಿಂತಿದ್ದರು. ನಾನು ಅವರ ಮುಖ ನೋಡಲಿಲ್ಲ. ನೋಡಿದ್ದರೆ ಆಸ್ಪತ್ರೆ ಅನ್ನುವುದನ್ನೂ ಮರೆತು ಕೂಗಾಡುತ್ತಿದ್ದೆ.

ಮನೆಗೆ ಬಂದ ಮಾವ ಬಿಳಿ ಬಟ್ಟೆಯನ್ನು ಮತ್ತೆ ಹೆಗಲಿಗೇರಿಸಿಕೊಂಡು ಬಣ್ಣದ ಮೇಜಿಗೆ ಹೋಗಿ ನೀಲಿ ಬಾಟಲಿ ತೆರೆದು ಬಗ್ಗಿ ನೋಡಿದರು. "ಇದು ಇಷ್ಟು ನೀಲೀನಾ!" ಎಂದರು. ಆಮೇಲೆ ಬೈಗುಳ ಶುರುವಾಯಿತು. ಮೇಜು ಇಷ್ಟು ಕೊಳಕಾಗಿದೆ ಎಂದು ನನಗೆ, ಅಂಚು ವಕ್ರವಾಗಿ ಕತ್ತರಿಸಿದ್ದಾನೆ ಎಂದು ಮಗನಿಗೆ. ನಡುಬಾಗಿಲಿಗೆ ಬೀಗ ಹಾಕಿದ್ದಕ್ಕೆ, "ನನ್ನ ಮನೇಲಿ ನನ್ನ ಹೆಂಡತಿಗೆ ಬೀಗ ಹಾಕೋಕೆ ನೀನ್ಯಾರೇ" ಎಂದು ಮೈ ನಡುಗುವಂತೆ ಬೈದರು. ಬೈದ ಮೇಲೆ ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲೇ ನಿಂತು, ಮಷೀನಿಗೆ ಎಣ್ಣೆ ಬಿಟ್ಟು ಹೋದರು. ಬೀದಿಯಾಚೆ ಮಿಂಚುಳ್ಳಿಗೂ ಪಾಲು ಸಿಕ್ಕಿತು. ಅವನೂ ಬಡ್ಡಿ ಸಮೇತ ತಿರುಗಿಸಿ ಕೊಟ್ಟ.

ಅತ್ತೆಗೆ ಮಾತ್ರ ಒಂದು ಮಾತೂ ಬೈಯಲಿಲ್ಲ. ಊಟ ಆಯ್ತಾ ಎಂದು ಕೇಳುತ್ತಿದ್ದರು. ನೀರು ಕೊಟ್ಟರೆ ಸುಮ್ಮನೆ ಕುಡಿದು ಲೋಟ ಕೆಳಗಿಡುತ್ತಿದ್ದರು. ಅತ್ತೆ ದಿನೇ ದಿನೇ ಸೊರಗಿದರು. ಬೇಕೆಂದೇ ಬಟ್ಟೆಗಳನ್ನು ಸರಿಯಾಗಿ ಒಗೆಯದೆ ಮೇಜಿನ ಮೇಲಿಟ್ಟರು. ಮಾವ ಅವನ್ನು ತಾವೇ ತೆಗೆದುಕೊಂಡು ಹೋಗಿ ನಲ್ಲಿಯಲ್ಲಿ ತೊಳೆದು ಹರವಿದರು. "ನಿನ್ನನ್ನಾದರೂ ಬೈತಾರೆ, ನೀನೇ ಪುಣ್ಯವಂತೆ" ಎಂದು ಅತ್ತೆ ನನಗೆ ಹೇಳಿದರು. ನನ್ನ ಕೋಪವೂ ಆಗ ಇಳಿದಿರಲಿಲ್ಲ. ಪೂರ್ತಿ ಇಂದಿಗೂ ಇಳಿದಿಲ್ಲ.

ಹೀಗಿರುವಾಗ ಒಬ್ಬ ಹೆಂಗಸು ಹಳೆಯ ಚೀಲವೊಂದನ್ನು ಪಟ್ಟಿ ಕಿತ್ತಿದೆ ಎಂದು ತಂದುಕೊಟ್ಟು ಹೋದಳು. ಅತ್ತೆ ತಿದ್ದಿದ ಚೀಲಗಳಲ್ಲಿ ಅದೂ ಒಂದು. ಮಾವ ಅದನ್ನು ಬಲಗಣ್ಣಿನ ಹತ್ತಿರ ತಂದು, ತಲೆ ಓರೆ ಮಾಡಿಕೊಂಡು ನೋಡಿದರು. ಅಂಚು ಬಿಡಿಸಿ ಒಳಗೆ ನೋಡಿದರು.

"ಯಾರು ಹಚ್ಚಿದ್ದು ಇದಕ್ಕೆ ಬಣ್ಣ?"

ನಾನು ಪೆಡಲಿನಿಂದ ಕಾಲು ತೆಗೆದೆ. ಮಸೆಗಲ್ಲಿನ ಸದ್ದೂ ನಿಂತಿತು. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು.

"ನಾನು."

"ಇದು ಬಣ್ಣ ಹಚ್ಚೋ ರೀತಿನೇನೇ?" ಮಾವನ ದನಿಗೆ ಕಿಟಕಿಯ ಗಾಜು ಅದುರಿತು. "ಇಷ್ಟು ವರ್ಷ ನನ್ನ ಪಕ್ಕ ನಿಂತು ನೋಡಿ ಕಲಿತಿದ್ದು ಇದಾ? ಅಂಚಿಗೆ ಬಣ್ಣ ಇಳಿದೇ ಇಲ್ಲ. ಒದ್ದೆ ಮಾಡದೇ ಬಳಿದಿದೀಯ. ಒಣಗೋಕೆ ಬಿಟ್ಟಿಲ್ಲ, ಉಜ್ಜಿಲ್ಲ. ಇಂಥ ದರಿದ್ರ ಕೆಲಸ ನನ್ನ ಹೆಸರಲ್ಲಿ ಊರೆಲ್ಲ ಓಡಾಡ್ತಿದೆ! ಯಾರನ್ನ ಕೇಳಿ ಮಾಡಿದೆ? ಒಂದು ಮಾತು ಹೇಳೋಕೆ ಬಾಯಿ ಇರಲಿಲ್ವಾ ನಿಂಗೆ? ಬಣ್ಣ ತಪ್ಪಿದೆ ಕಣ್ರೀ ಅಂತ, ಒಂದೇ ಒಂದು ಮಾತು?" ಅಲ್ಲಿ ದನಿ ಒಡೆಯಿತು. "ಕಣ್ಣು ಹೋಯ್ತಲ್ಲೇ ನಂದು. ಹೇಳಬೇಕಿತ್ತು ಕಣೇ. ನೀನಾದರೂ ಹೇಳಬೇಕಿತ್ತು."

ಅತ್ತೆ ತಲೆಯೆತ್ತಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎದುರಂಗಡಿಯ ಮಿಂಚುಳ್ಳಿ ಬಾಗಿಲಿಗೆ ಬಂದವನು ನಿಂತಲ್ಲೇ ನಿಂತಿದ್ದ.

"ಮುಗೀತಾ?" ಎಂದರು ಅತ್ತೆ.

"ಎಲ್ಲಿ ಮುಗೀತು? 'ಮುಗೀತಾ' ಅಂತೆ! ಬಾ ಇಲ್ಲಿ." ಮಾವ ಹೆಗಲ ಮೇಲಿನ ಬಿಳಿ ಬಟ್ಟೆ ತೆಗೆದು ಅತ್ತೆಯ ಕೈಗೆ ತುರುಕಿದರು. "ಉಜ್ಜು."

ಅತ್ತೆ ಚೀಲವನ್ನು ಮೇಜಿನ ಮೇಲಿಟ್ಟು ಉಜ್ಜಿದರು. ಮಾವ ಪಕ್ಕದಲ್ಲಿ ಬಗ್ಗಿ, ಉಳಿದ ಒಂದು ಕಣ್ಣನ್ನು ಬಟ್ಟೆಯ ಹತ್ತಿರಕ್ಕೆ ತಂದರು. ಬಟ್ಟೆಗೆ ಕಂದು ಹತ್ತಿತ್ತು.

"ಹತ್ತುತ್ತೆ" ಎಂದರು ಅತ್ತೆ.

"ಕಾಣುತ್ತೆ ನಂಗೆ. ಇನ್ನೂ ಉಜ್ಜು."